ಅಗ್ಗಣಿ ನೀರು

ಮಾರ್ಚ್ ೧೨, ಮಂಗಳವಾರ

ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಚಹಾ ಬಣ್ಣದ ನೀರು ಬಂತು. ವಾಸನೆ ಚಹಾದ್ದಲ್ಲ. ಈಜುಕೊಳ, ಜಿಮ್, ಟೆನಿಸ್ ಕೋರ್ಟು ಎಲ್ಲ ಇರುವ ಅಪಾರ್ಟ್‌ಮೆಂಟು ನಮ್ಮದು. ಬ್ರೂಕ್‌ಫೀಲ್ಡಿನಲ್ಲಿ ಇದರ ಹೆಸರು ಹೇಳಿದರೆ ಆಟೋದವರು ಕೂಡ ‘ಓ, ಅದಾ ಮೇಡಂ’ ಎನ್ನುತ್ತಾರೆ. ಕುಡಿಯುವ ನೀರೊಂದು ಬಿಟ್ಟು ಇಲ್ಲಿ ಎಲ್ಲವೂ ಇದೆ. ಬೋರ್‌ವೆಲ್ ಒಣಗಿದ ಮೇಲೆ ಟ್ಯಾಂಕರ್ ನೀರೇ ಗತಿ. ಅದು ಯಾವ ಕೆರೆಯದೋ, ಯಾವ ಮೋರಿಯದೋ, ತಂದವನಿಗೂ ಗೊತ್ತಿಲ್ಲ. ಆರ್‌ಓ ಮಿಷನ್ನು ಕುಡಿಯಲು ಕೊಡುವುದಕ್ಕಿಂತ ಚರಂಡಿಗೆ ಬಿಡುವುದೇ ಹೆಚ್ಚು, ಯಾರೂ ಹಾಕಬೇಡಿ ಎಂದು ಅಸೋಸಿಯೇಷನ್ ನೋಟಿಸು ಬೇರೆ. ಸರಿ, ಹಾಕುವುದಿಲ್ಲ. ಹಾಗಾದರೆ ಏನು ಕುಡಿಯಬೇಕು ಎಂಬುದನ್ನೂ ಅದೇ ನೋಟಿಸಿನಲ್ಲಿ ಬರೆಯಬಹುದಿತ್ತು.

ಸಿಟ್ಟಿನಲ್ಲಿ ಸಜ್ಜದ ಮೇಲಿಂದ ಟ್ರೆಕ್ಕಿಂಗ್ ಚೀಲ ಎಳೆದು ಹಾಕಿದೆ. ಕುರಿಮಂದೆ ಇಳಿದುಹೋದ ತೊರೆಯ ನೀರನ್ನು ಹಿಮಾಲಯದಲ್ಲಿ ಈ ಸಾಮಾನಿನಲ್ಲೇ ಸೋಸಿ ಕುಡಿದಿದ್ದೇನೆ, ಒಂದು ದಿನವೂ ಹೊಟ್ಟೆ ಕೆಟ್ಟಿಲ್ಲ. ಮೊದಲು ನೀರನ್ನು ಅಲುಗಿಸದೆ ಬಿಟ್ಟು ಕೆಸರು ಕೂರಿಸಬೇಕು. ಮೇಲಿನ ತಿಳಿಯನ್ನು ಕೆಂಪು ದಾರ ಕಟ್ಟಿದ ಮೆತ್ತನೆಯ ಚೀಲಕ್ಕೆ ತುಂಬಿ, ಅದರ ಬಾಯಿಗೆ ಫಿಲ್ಟರ್ ತಿರುಗಿಸಿ ಮೆಲ್ಲಗೆ ಹಿಂಡಿದರೆ ನೀಲಿ ದಾರದ ಬಾಟಲಿಗೆ ಒಳ್ಳೆಯ ನೀರು ಬೀಳುತ್ತದೆ. ತೀರಾ ಅನುಮಾನವಿದ್ದರೆ ಒಂದು ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ಕೆಂಪಿನದು ಯಾವತ್ತೂ ನೀಲಿಯದಕ್ಕೆ ತಾಗಬಾರದು. ಬೆಟ್ಟದಲ್ಲಿ ಹೊಟ್ಟೆ ಕೆಡಿಸಿಕೊಳ್ಳುವವರೆಲ್ಲ ಹಲ್ಲುಜ್ಜಲೋ ತಟ್ಟೆ ತೊಳೆಯಲೋ ಕೆಂಪು ಚೀಲದ ನೀರು ಬಳಸಿದವರೇ.

“ಏನೇ ಸೌಮ್ಯಾ, ಅಡುಗೆಮನೇಲೇ ಬೇಸ್ ಕ್ಯಾಂಪಾ?” ಎಂದ ವಿಶ್ವ. ನಗಲಿ. ಕುಡಿಯುವುದು ಇದನ್ನೇ ತಾನೇ.

ಏಪ್ರಿಲ್ ಕೊನೆಯ ಟ್ರೆಕ್ಕಿಗೆಂದು ತರಿಸಿದ ಹೊಸ ಫಿಲ್ಟರಿನ ಡಬ್ಬಿ ಮಾತ್ರ ಒಡೆಯಲಿಲ್ಲ. ಅದು ಬೆಟ್ಟಕ್ಕೆ. ಈ ಊರಿಗೆ ಹಳೆಯದೇ ಸಾಕು.

ಮಾರ್ಚ್ ೧೬, ಶನಿವಾರ

ಕ್ಲಬ್ ಹೌಸಿನಲ್ಲಿ ಮೀಟಿಂಗು. ಅಧ್ಯಕ್ಷ ರಾಜೇಂದ್ರ ಅವರದು ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. “ಮೇಡಂ, ಪ್ಯಾನಿಕ್ ಆಗ್ಬೇಡಿ. ವಾಟರ್ ಟೆಸ್ಟ್ ಆಗಿದೆ. ನಾವೂ ಅದೇ ನೀರು ಕುಡಿಯೋದು” ಎಂದರು. ಆ ಟೆಸ್ಟ್ ರಿಪೋರ್ಟ್ ತೋರಿಸಿ ಎಂದೆ. ಮೇಲ್ ಮಾಡುತ್ತಾರಂತೆ. ಅವರ ಮನೆ ಬಾಗಿಲ ಪಕ್ಕ ಖಾಲಿ ನೀರಿನ ಕ್ಯಾನು ಸಾಲಾಗಿ ನಿಂತಿದ್ದನ್ನು ನಾನೇ ಲಿಫ್ಟಿನಿಂದ ನೋಡಿದ್ದೇನೆ. ಹೇಳಿದೆ. ಅದು ಗಿಡಕ್ಕಂತೆ. ಮಿನರಲ್ ವಾಟರ್ ಕುಡಿಯುವ ಗಿಡ ಯಾವುದು ಸಾರ್ ಎಂದು ಕೇಳಿದ್ದಕ್ಕೆ ಇಬ್ಬರು ನಕ್ಕರು, ಉಳಿದವರು ಮೊಬೈಲು ನೋಡಿಕೊಂಡರು.

ಮನೆಯಲ್ಲಿ ಕಾನೂನು ಹೊರಡಿಸಿದ್ದೇನೆ. ಕುಡಿಯಲು, ಅಡುಗೆಗೆ, ಹಲ್ಲುಜ್ಜಲು, ಹಣ್ಣು ತೊಳೆಯಲು ನೀಲಿ ದಾರದ ನೀರೇ. ವಿಶ್ವನ ಅಮ್ಮ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ದಾವಣಗೆರೆಯಲ್ಲಿ ಹೆಡ್‌ಮಿಸ್ ಆಗಿದ್ದವರು, ಕಾನೂನು ಅರ್ಥವಾಗದ ಹೆಂಗಸಲ್ಲ.

“ಅಡವಿಗೆ ಒಯ್ಯೋ ಸಾಮಾನು ಮನಿಯಾಗ್ಯಾಕವ್ವಾ?”

“ಮನೇನೇ ಅಡವಿ ಆಗಿದೆಯಲ್ಲ ಅತ್ತೆ.”

“ಆತು ಬಿಡು. ಕುಡಿಯೋಕೆ ನೀ ಕೊಟ್ಟ ನೀರೇ ಕುಡೀತೀನಿ” ಎಂದರು. ಹೊಸ ವಿಷಯವಾದರೆ ಒಮ್ಮೆ ಮೂಗು ಮುರಿಯದೆ ಒಪ್ಪುವವರಲ್ಲ. ಇವತ್ತು ಹೇಗೋ ಒಪ್ಪಿದರು.

ಮಾರ್ಚ್ ೨೦, ಬುಧವಾರ

ವಿಶ್ವನ ಅಮ್ಮನಿಗೆ ನಿನ್ನೆಯಿಂದ ವಾಂತಿ, ಭೇದಿ. ನನಗೂ ವಿಶ್ವನಿಗೂ ಏನೂ ಇಲ್ಲ. ಡಾಕ್ಟರು ಔಷಧಿ ಕೊಟ್ಟು, ನೀರಿನದೇ ತೊಂದರೆ ಇರಬೇಕು ಎಂದರು. ಆ ಮಾತು ಬಿದ್ದ ಕ್ಷಣವೇ ವಿಶ್ವ ನನ್ನ ಮುಖ ನೋಡಿದ. ಬಾಯಿ ಬಿಟ್ಟು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಸಂಜೆ ನಾದಿನಿ ಮಹಾದೇವಿಯ ಫೋನು, ಸ್ಪೀಕರಿನಲ್ಲಿ. “ಒಂದು ಪಾತ್ರಿ ನೀರು ಕಾಸಿ ಆರಿಸಿ ಇಡಾಕ್ಕೆ ಏನು ಕಷ್ಟ ಅಣ್ಣಾ? ವಯಸ್ಸಾದೋರ ಮ್ಯಾಲೆ ಎಂಥಾ ಪ್ರಯೋಗ ಮಾಡ್ಸಾಕತ್ತೀಯ?” ನಾನು ಅಲ್ಲೇ ನಿಂತಿದ್ದೇನೆಂದು ಗೊತ್ತಿದ್ದೇ ಹೇಳಿದಳು. ವಿಶ್ವ, “ಇಲ್ಲ ಮಾದೇವಿ, ಸೌಮ್ಯಾ ನೋಡ್ಕೋತಿದಾಳೆ” ಎಂದ, ಕಳ್ಳನಿಗೆ ಜಾಮೀನು ಕೊಡುವವನ ದನಿಯಲ್ಲಿ.

ಈ ಮನೆಯಲ್ಲಿ ನೀರಿನ ಬಗ್ಗೆ ತಿಳಿದವಳು ನಾನೊಬ್ಬಳೇ. ಅದಕ್ಕೇ ಬೈಗುಳವೂ ನನಗೇ.

ಮಾರ್ಚ್ ೨೩, ಶನಿವಾರ

ಈಗ ಹಿಂಡಿದ ನೀರಿಗೆ ಮಾತ್ರೆ ಹಾಕುತ್ತೇನೆ, ಮಾತ್ರೆ ಹಾಕಿದ್ದನ್ನು ಕುದಿಸುತ್ತೇನೆ. ಕುದಿಸಿದರೇ ಸಾಕು ಎಂದು ನನಗೂ ಗೊತ್ತು. ಯಾರೂ ಬೆರಳು ತೋರಿಸಬಾರದು, ಅದಕ್ಕೆ. ತಂಬಿಗೆ, ಲೋಟ, ಚಮಚ ಎಲ್ಲ ಬಿಸಿನೀರಿನಲ್ಲಿ ಅದ್ದಿ ತೆಗೆಯುತ್ತೇನೆ. ಆಫೀಸಿಗೆ ದಿನಾ ತಡ. ಹೊರ ವರ್ತುಲ ರಸ್ತೆಯಲ್ಲಿ ಬಸ್ಸು ನಿಂತಿದ್ದಾಗ ಪಕ್ಕದಲ್ಲೇ ನೀರಿನ ಟ್ಯಾಂಕರು ನಿಂತಿತ್ತು, ಹಿಂದಿನ ಕೊಳವೆಯಿಂದ ನೀರು ರಸ್ತೆಗೆ ಸುರಿಯುತ್ತಿತ್ತು. ಇಳಿದು ಹೋಗಿ ಡ್ರೈವರನಿಗೆ ಬೈದು ಬಂದೆ. “ಅದು ಕುಡಿಯೋ ನೀರಲ್ಲ ಬಿಡಕ್ಕಾ” ಎಂದ. ಯಾವ ಅಪಾರ್ಟ್‌ಮೆಂಟಿಗೆ ಹೋಗುತ್ತದೆ ಎಂದು ಕೇಳುವಷ್ಟರಲ್ಲಿ ಸಿಗ್ನಲ್ ಬಿಟ್ಟಿತು.

ವಿಶ್ವನ ಅಮ್ಮ ಸ್ವಲ್ಪ ಚೇತರಿಸಿಕೊಂಡಿದ್ದಾರೆ. ಗಂಜಿ ಕುಡಿದರು. “ನಿನಗೆ ಭಾಳ ತ್ರಾಸಾತು” ಎಂದರು.

ಮಾರ್ಚ್ ೨೬, ಮಂಗಳವಾರ

ಮತ್ತೆ ಶುರುವಾಯಿತು. ಫಿಲ್ಟರು, ಮಾತ್ರೆ, ಬೆಂಕಿ ಮೂರೂ ದಾಟಿ ಯಾವ ಕ್ರಿಮಿ ಬದುಕುತ್ತದೆ?

ವಿಶ್ವ ನನ್ನನ್ನು ಕೇಳದೆ ಕ್ಯಾನ್ ನೀರು ತರಿಸಿದ. ನನ್ನ ಕೆಂಪು ಚೀಲವನ್ನೂ ನೀಲಿ ಬಾಟಲಿಯನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ತುರುಕಿ ಬಾಲ್ಕನಿಯಲ್ಲಿಟ್ಟಿದ್ದಾನೆ. ಒಂದೇ ಕವರಿನಲ್ಲಿ!

ಮಾರ್ಚ್ ೨೭, ಬುಧವಾರ

ಯಾರ ಜೊತೆಗೂ ಮಾತಿಲ್ಲ.

ಮಾರ್ಚ್ ೩೦, ಶನಿವಾರ

ಆಸ್ಪತ್ರೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ವಿಶ್ವನ ಅಮ್ಮ ಬಚ್ಚಲ ಬಾಗಿಲಲ್ಲಿ ಕುಸಿದರು. ನಾಲಿಗೆ ಒಣಗಿ ಮಾತು ಹೊರಡುತ್ತಿರಲಿಲ್ಲ. ಎತ್ತಿ ಕಾರಿಗೆ ಹಾಕುವಾಗ ಅವರು ಇಷ್ಟು ಹಗುರ ಎಂದು ಗೊತ್ತಾಗಿ ಭಯವಾಯಿತು. ಮೈಯಲ್ಲಿ ನೀರಿಲ್ಲದೆ ಕಿಡ್ನಿಗೆ ಪೆಟ್ಟು ಬಿದ್ದಿದೆಯಂತೆ. ಡ್ರಿಪ್ಪಿನಲ್ಲಿ ಸುಧಾರಿಸುತ್ತದೆ, ಆದರೆ ಇನ್ನೊಂದು ಸಲ ಹೀಗಾದರೆ ಈ ವಯಸ್ಸಿನಲ್ಲಿ ನಾವು ಏನೂ ಹೇಳುವುದಕ್ಕಾಗುವುದಿಲ್ಲ ಎಂದರು ಡಾಕ್ಟರು.

“ಮನೇಲಿ ಎಲ್ಲಾರೂ ಒಂದೇ ನೀರು ಕುಡಿಯೋದಾ?” ಎಂದೂ ಕೇಳಿದರು.

“ಒಂದೇ ನೀರು. ಈಗ ಕ್ಯಾನ್ ನೀರು” ಎಂದೆ. ಕ್ಯಾನ್ ಎಂಬ ಪದವನ್ನು ವಿಶ್ವನಿಗೆ ಕೇಳಿಸುವ ಹಾಗೆ ಒತ್ತಿ ಹೇಳಿದೆ. ನನ್ನ ಫಿಲ್ಟರ್ ನಿರಪರಾಧಿ ಎಂದು ಸಾಬೀತಾಗಿತ್ತು. ಅದರಿಂದ ಒಂದು ಕ್ಷಣ ಸಮಾಧಾನವೂ ಆಯಿತು. ಮುದುಕಿ ಅಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗ.

ರಕ್ಷಿತಾ ಫೋನ್ ಮಾಡಿದ್ದಳು, ಟ್ರೆಕ್ಕಿಗೆ ಬರುತ್ತೀಯೋ ಇಲ್ಲವೋ ಈಗಲೇ ಹೇಳು ಅಂತ. ಆಫೀಸಿನಲ್ಲಿ ನನ್ನ ಎದುರು ಕೂರುವವಳು, ಬೆಟ್ಟದಲ್ಲಿ ನನ್ನ ಟೆಂಟಿನವಳು. ಅವಳ ಮೇಲೂ ರೇಗಿದೆ.

ಮಾರ್ಚ್ ೩೧, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ನರ್ಸು ಓಆರ್‌ಎಸ್ ತಂದರೆ ಅತ್ತೆ ಬಾಯಿ ತೆರೆಯಲಿಲ್ಲ. ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವವರಲ್ಲ. ಮೊನ್ನೆಯೂ ನಿನ್ನೆಯೂ ಡ್ರಿಪ್ಪಿನ ಮೇಲೇ ಕಳೆದಿದ್ದರು. ವಿಶ್ವ ಮನೆಯಿಂದ ಪೂಜೆಯ ಸಾಮಾನು ತಂದ. ವಿಭೂತಿ, ತಟ್ಟೆ, ತಾಮ್ರದ ಪುಟ್ಟ ತಂಬಿಗೆ. ನಾನು ಸೀಲ್ ಒಡೆದ ಬಾಟಲಿಯಿಂದ ತಂಬಿಗೆಗೆ ನೀರು ಬಗ್ಗಿಸಲು ಹೋದೆ.

“ಅದು ಬ್ಯಾಡ. ಬಾಯಿ ಹಚ್ಚಿ ಕುಡಿಯೋ ಬಾಟ್ಲಿ ಅದು. ಅಗ್ಗಣಿಗೆ ನಲ್ಲಿ ನೀರು ತಾರವ್ವಾ.”

ಅಗ್ಗಣಿ ಎಂದರೆ ಲಿಂಗಕ್ಕೆ ಎರೆಯುವ ನೀರು. ಆ ಮಾತನ್ನು ನನ್ನ ಅಜ್ಜಿಯ ಬಾಯಲ್ಲಿ ಕೇಳಿದ್ದು ಬಿಟ್ಟರೆ ಇವತ್ತೇ. ತಂದುಕೊಟ್ಟೆ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದರು. ವಿಭೂತಿ ಹಚ್ಚಿದರು, ಕಣ್ಣು ಮುಚ್ಚಿದರು. ಆಮೇಲೆ ಮತ್ತೆ ನೀರೆರೆದು, ಅಂಗೈಯಲ್ಲಿ ನಿಂತ ಪಾದೋದಕವನ್ನು ತುಟಿಗೆ ತಂದರು. ಒಂದು ಸಲ. ಎರಡು ಸಲ. ಮೂರನೆಯದಕ್ಕೆ ನಾನು ಕೈ ಹಿಡಿದೆ.

“ಮನೇಲೂ ದಿನಾ ಹೀಗೇನಾ?”

“ಮತ್ತೆ ಹೆಂಗೆ?”

“ನಲ್ಲಿ ನೀರು?”

“ಬೆಳಿಗ್ಗೆ ಮೈ ತೊಳಕಂಡು, ಹಿತ್ತಿಲ ನಲ್ಲಿಯಾಗೆ ಮೊದಲ ನೀರು ಹಿಡೀತೀನಿ. ನೀವಿನ್ನೂ ಎದ್ದಿರಲ್ಲ.” ಪಾತ್ರೆ ತೊಳೆಯುವ ಯುಟಿಲಿಟಿಗೆ ಅವರು ಹಿತ್ತಿಲು ಎನ್ನುತ್ತಾರೆ.

“ಅತ್ತೆ, ನಾನು ಎಷ್ಟು ಸಲ ಕೇಳಿದೆ? ಬೇರೆ ನೀರು ಕುಡಿದ್ರಾ ಅಂತ ಎಷ್ಟು ಸಲ!”

“ಕುಡೀಲಿಲ್ಲವ್ವಾ. ಇದು ಬಾಯಾರಿಕೆಗೆ ಕುಡಿಯೋದಲ್ಲ. ಇದು ಪಾದೋದಕ.”

ಸುಳ್ಳು ಹೇಳಿದವರ ಮುಖ ಅಲ್ಲ ಅದು. ನಿಜವಾಗಿಯೂ ಅವರಿಗೆ ಅದು ನೀರಿನ ಲೆಕ್ಕಕ್ಕೇ ಬಂದಿರಲಿಲ್ಲ. ಮನೆಯ ಚಮಚಗಳನ್ನೂ ಬಿಡದೆ ಬಿಸಿನೀರಿನಲ್ಲಿ ಅದ್ದಿದ ನಾನು ಆ ತಂಬಿಗೆಯ ಕಡೆ ಒಮ್ಮೆಯೂ ನೋಡಿರಲಿಲ್ಲ. ನನ್ನದೂ ಲಿಂಗವಂತರ ಮನೆಯೇ. ನನ್ನ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ, ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇದೆ. ಹಲ್ಲುಜ್ಜುವ ನೀರು ಹೊಳೆದವಳಿಗೆ ಇದು ಹೊಳೆಯಲಿಲ್ಲ. ಕಾರಿಡಾರಿಗೆ ಬಂದು ಗೋಡೆಗೆ ಗುದ್ದಿದೆ. ಬೆರಳು ಊದಿದೆ.

ಏಪ್ರಿಲ್ ೩, ಬುಧವಾರ

ಅತ್ತೆ ಮನೆಗೆ ಬಂದರು. ಬರುತ್ತಲೇ ಯುದ್ಧ.

ಕುದಿಸಿದ ನೀರು ಆಗಬಹುದಾ ಎಂದರೆ, ಕುದಿಸಿದ್ದು ಅಡುಗೆ ಆಯಿತು, ಅಗ್ಗಣಿ ಆಗುವುದಿಲ್ಲ. ಕ್ಯಾನ್ ನೀರು? ಯಾರ್ಯಾರು ಮುಟ್ಟಿದ್ದೋ. ಮಾತ್ರೆ ಹಾಕಿದ್ದು? ಈಜುಕೊಳದ ವಾಸನೆ. ಪಾದೋದಕ ಬಿಟ್ಟುಬಿಡಿ, ಪೂಜೆ ಮಾತ್ರ ಮಾಡಿ ಎಂದ ವಿಶ್ವ. ಅವರು ಮಗನನ್ನು ನೋಡಿದ ರೀತಿಗೆ ನಾನೇ ಬೇರೆ ಕಡೆ ತಿರುಗಿದೆ.

“ಸತ್ರೆ ಸಾಯ್ತೀನಿ ಬಿಡಪಾ. ಪಾದೋದಕ ತಗಳ್ದೆ ಬದುಕಿ ಏನ್ ಮಾಡ್ಲಿ?”

“ಸಾಯೋರು ನೀವು, ಬೈಸಿಕೊಳ್ಳೋಳು ನಾನು!” ಎಂದು ಕಿರುಚಿದೆ. “ನಿಮ್ಮ ಕಾಲದಲ್ಲಿ ಬೋರಿರಲಿಲ್ಲ, ಟ್ಯಾಂಕರ್ ಇರಲಿಲ್ಲ. ಆಗ ಏನು ಮಾಡ್ತಿದ್ರಿ? ಕೆರೆ ನೀರು ಹಾಗೇ ಎರೀತಿದ್ರಾ?”

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದರು. ಅವರ ಅಜ್ಜಿ ಹೊಂಡದ ನೀರನ್ನು ಪಾವಡದಲ್ಲಿ ಸೋಸಿ ತುಂಬುತ್ತಿದ್ದಳಂತೆ. ಪಾವಡ ಎಂದರೆ ಮಡಿಯ ಬಿಳಿ ಬಟ್ಟೆ. ಸೋಸದ ನೀರನ್ನು ಲಿಂಗಕ್ಕೆ ಎರೆಯಲೇಬಾರದು ಎಂದು ಹಿಂದಿನವರು ಕಟ್ಟು ಮಾಡಿದ್ದರಂತೆ. ನಲ್ಲಿ ಬಂದ ಮೇಲೆ ಎಲ್ಲರೂ ಬಿಟ್ಟರು.

“ಅಂದ್ರೆ ಸೋಸಬಹುದು?”

“ಸೋಸಬೇಕು.”

ಎದ್ದು ಹೋಗಿ ಹೊಸ ಫಿಲ್ಟರಿನ ಡಬ್ಬಿ ಒಡೆದೆ. ಬೆಟ್ಟ ನೋಡದ ಫಿಲ್ಟರು, ಯಾರ ಬಾಯಿಯೂ ತಾಗದ ಚೀಲ. ಅವರ ಮಡಿಲಿಗೆ ಹಾಕಿದೆ. “ಇದರಲ್ಲಿ ಕೂದಲಿಗಿಂತ ಸಣ್ಣ ತೂತಿನ ನಾರು ಇದೆ. ನಿಮ್ಮಜ್ಜಿ ಪಾವಡಕ್ಕಿಂತ ಸಣ್ಣದಾಗಿ ಸೋಸುತ್ತೆ.”

ತಿರುಗಿಸಿ ಮುರುಗಿಸಿ ನೋಡಿದರು. ಶಾಲೆಯ ಮಕ್ಕಳ ಉತ್ತರಪತ್ರಿಕೆ ನೋಡುವ ಹಾಗೆ. “ಮೈ ತೊಳಕಂಡು, ಹೊಟ್ಟಿಗೆ ಏನೂ ಹಾಕ್ದಂಗೆ ಹಿಂಡ್ಬೇಕು. ನನ್ನ ಕೈಯಾಗೆ ಈಗ ಶಕ್ತಿ ಇಲ್ಲ. ಯಾರು ಹಿಂಡ್ತಾರೆ?”

ಮತ್ಯಾರು? ಕತ್ತೆಯ ಹಾಗೆ ದುಡಿಯಲು ನಾನಿದ್ದೇನಲ್ಲ.

ಏಪ್ರಿಲ್ ೬, ಶನಿವಾರ

ಬೆಳಗಾಗುವ ಮೊದಲೇ ಎದ್ದು, ಸ್ನಾನ ಮಾಡಿ, ಕಾಫಿ ಇಲ್ಲದೆ ನೀರು ಹಿಂಡುವ ಕೆಲಸ. ಕಾಫಿ ಇಲ್ಲದ ನಾನು ಮನುಷ್ಯಳೇ ಅಲ್ಲ. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಉಸ್ತುವಾರಿ ಮಾಡುತ್ತಾರೆ. ಮೊದಲು ಪಾವಡದಲ್ಲಿ ಸೋಸು ಎಂದರು, ಬೇಕಾಗಿಲ್ಲ ಎಂದೆ. ಇವತ್ತು ಸೋಸಿ ನೋಡಿದರೆ ಬಟ್ಟೆಯಲ್ಲಿ ಕಂದು ರಾಡಿ ನಿಂತಿತು, ಫಿಲ್ಟರು ಸಲೀಸಾಗಿ ಓಡಿತು. ಅದನ್ನು ಅವರಿಗೆ ಹೇಳಲಿಲ್ಲ. ಅವರೇ ನೋಡಿದರು.

ನಾನು ಲ್ಯಾಬಿಗೆ ಕೊಟ್ಟಿದ್ದ ನಲ್ಲಿ ನೀರಿನ ರಿಪೋರ್ಟು ಬಂತು. ಕೆಮಿಕಲ್ ಪರವಾಗಿಲ್ಲ. ಕ್ರಿಮಿ ಮಾತ್ರ ಮನುಷ್ಯರ ಮಲದ್ದು. ರಾಜೇಂದ್ರ ಅವರಿಗೆ ಕಳಿಸಿದೆ. ‘ಸ್ಯಾಂಪಲ್ ಸರಿಯಾಗಿ ತೆಗೆದಿರಲಿಕ್ಕಿಲ್ಲ’ ಎಂದು ಉತ್ತರ.

ನಾಳೆ ಮೀಟಿಂಗಿದೆ.

ಏಪ್ರಿಲ್ ೭, ಭಾನುವಾರ

ಹೊರಡುವಾಗ ಯುಟಿಲಿಟಿ ನಲ್ಲಿಯಿಂದ ಆ ತಾಮ್ರದ ತಂಬಿಗೆಗೇ ನೀರು ಹಿಡಿದೆ. ಅತ್ತೆ ನಾನೂ ಬರುತ್ತೇನೆ ಎಂದರು. ಬೇಡ ಎಂದರೆ ಕೇಳುವವರೇ?

ರಾಜೇಂದ್ರ ಅವರು ಮತ್ತೆ ಅದೇ ಶುರುಮಾಡಿದರು. ನೀರು ಚೆನ್ನಾಗಿದೆ, ಕೆಲವರು ಮನೆಯ ಸಮಸ್ಯೆಯನ್ನು ಅಸೋಸಿಯೇಷನ್ ತಲೆಗೆ ಕಟ್ಟುತ್ತಿದ್ದಾರೆ ಅಂತ. ನಾನು ಎದ್ದು ಹೋಗಿ ಅವರ ಮುಂದೆ ನಿಂತೆ.

“ನಮ್ಮತ್ತೆ ದಿನಾ ಪೂಜೆ ಮಾಡಿ ತಗೊಳ್ತಿದ್ದ ನೀರು ಸಾರ್. ಈಗಷ್ಟೇ ನಲ್ಲಿಯಿಂದ ಹಿಡಿದದ್ದು. ತಗೊಳ್ಳಿ.”

ತಾಮ್ರದ ತಂಬಿಗೆ ಕಂಡದ್ದೇ ಅವರ ಬಲಗೈ ತಾನೇ ತಾನಾಗಿ ಮುಂದೆ ಬಂತು. ಎಡಗೈ ಅದರ ಕೆಳಗೆ ಸೇರಿತು. ಚಪ್ಪಲಿಯಿಂದ ಕಾಲೂ ಹೊರಗೆ ಬಂದಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ನಾನು ಅಂಗೈ ತುಂಬ ಎರೆದೆ. ಆಗ ಅವರಿಗೆ ಗೊತ್ತಾಯಿತು. ನೀರು ನೋಡಿದರು, ಜನರನ್ನು ನೋಡಿದರು. ಇಷ್ಟು ದಿನ ಚೆನ್ನಾಗಿದೆ ಎಂದ ನೀರನ್ನು ಎಲ್ಲರೆದುರು ಚೆಲ್ಲುವ ಹಾಗಿಲ್ಲ. ಹಣೆಯಲ್ಲಿ ಬೆವರು. ಕೈ ಮೆಲ್ಲಗೆ ತುಟಿಯ ಕಡೆ ಹೋಯಿತು. ಕುಡಿ, ಕುಡಿ ಎಂದು ನನ್ನ ಮೈಯೆಲ್ಲ ಹೇಳುತ್ತಿತ್ತು.

ಯಾವಾಗ ಎದ್ದು ಬಂದರೋ, ಅತ್ತೆ ಅವರ ಮಣಿಕಟ್ಟು ಹಿಡಿದುಬಿಟ್ಟರು. “ಚೆಲ್ಲಪಾ. ಕುಡೀಬ್ಯಾಡ.”

ನೀರೆಲ್ಲ ಇಸ್ತ್ರಿ ಅಂಗಿಯ ಮೇಲೆ ಹೋಯಿತು.

“ಇದು ತೀರ್ಥ ಅಲ್ಲ. ತೀರ್ಥ ಅಂದ್ಕಂಡು ತಗಂಡು ನಾನು ಸಾಯೋಕ್ಕೆ ಹೋಗಿದ್ದೆ. ನಿಂಗ್ಯಾಕೆ ಬೇಕು? ಹೋಗಿ ಆ ನೀರಿನ ತೊಟ್ಟಿ ತೆಗೆಸಿ ನೋಡು.” ಶಾಲೆಯ ಹುಡುಗನಿಗೆ ಹೇಳುವ ದನಿ.

ರಾಜೇಂದ್ರ ಅವರು ಕುರ್ಚಿಯಲ್ಲಿ ಕೂತು ಕರ್ಚೀಫಿನಿಂದ ಕೈ ಒರೆಸಿಕೊಂಡರು. “ನಾಳೇನೇ ಸಂಪ್ ತೆಗೆಸ್ತೀನಿ ಅಮ್ಮಾ” ಎಂದರು. ನನ್ನ ಕಡೆ ನೋಡಲಿಲ್ಲ.

ಲಿಫ್ಟಿನಲ್ಲಿ ಅತ್ತೆಯ ಮೇಲೆ ಹರಿಹಾಯ್ದೆ. ಕುಡಿಯಲಿ ಬಿಡಬೇಕಿತ್ತು, ಎರಡು ದಿನ ಬಚ್ಚಲಿಗೆ ಓಡಾಡಿದ್ದರೆ ಬುದ್ಧಿ ಬರುತ್ತಿತ್ತು ಎಂದೆ. “ಅವನಿಗೂ ಮನಿಯಾಗೆ ಮುದುಕಿ ಇರ್ಬಹುದು” ಎಂದರು. ಲಿಫ್ಟಿನ ಗೋಡೆಗೆ ಒರಗಿದರು. ತೋಳು ಹಿಡಿದುಕೊಂಡೆ, ಬಿದ್ದರೆ ಮತ್ತೆ ಆಸ್ಪತ್ರೆಗೆ ಓಡಬೇಕಾದವಳು ನಾನೇ.

ಏಪ್ರಿಲ್ ೧೧, ಗುರುವಾರ

ಟ್ಯಾಂಕರ್ ನೀರು ತುಂಬುವ ಸಂಪಿನ ಗೋಡೆ ಬಿರುಕು ಬಿಟ್ಟಿತ್ತು. ಪಕ್ಕದಲ್ಲೇ ಇಡೀ ಅಪಾರ್ಟ್‌ಮೆಂಟಿನ ಕೊಳಚೆ ಸೇರುವ ತೊಟ್ಟಿ. ಸಂಪಿನಲ್ಲಿ ನೀರು ಇಳಿದಾಗಲೆಲ್ಲ ಅಲ್ಲಿಯದು ಇಲ್ಲಿಗೆ ಜಿನುಗುತ್ತಿತ್ತು. ನೋಡಿದ ಹೆಂಗಸರು ಅಲ್ಲೇ ಓಕರಿಸಿದರು. ನಾಲ್ಕನೆಯ ಮಹಡಿಯ ಮಗು, ಎದುರು ಬ್ಲಾಕಿನ ಬಸುರಿ, ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತಂತೆ, ಹೊರಗಿನ ಊಟದ್ದೆಂದು ಸುಮ್ಮನಿದ್ದರಂತೆ. ಸುಮ್ಮನಿದ್ದರಂತೆ! ಈ ಊರಿನಲ್ಲಿ ಎಲ್ಲರೂ ಯಾಕೆ ಇಷ್ಟು ಸುಮ್ಮನಿರುತ್ತಾರೆ?

ಗೋಡೆ ಕಟ್ಟುತ್ತಿದ್ದಾರೆ. ಮಹಾದೇವಿ ಫೋನ್ ಮಾಡಿ, “ನಂಗೆ ಗೊತ್ತಿರ್ಲಿಲ್ಲ ಅತ್ತಿಗೆ” ಎಂದಳು. ಹೂಂ ಎಂದೆ. ಅಷ್ಟು ಸಾಕು ಅವಳಿಗೆ.

ಏಪ್ರಿಲ್ ೧೯, ಶುಕ್ರವಾರ

ಸಂಪ್ ಸರಿಯಾಗಿದೆ. ಇನ್ನು ಹಿಂಡಬೇಕಾಗಿಲ್ಲ ಎಂದ ವಿಶ್ವ. ಟ್ಯಾಂಕರಿನವನ ಮೇಲೆ ನನಗೆ ನಂಬಿಕೆಯಿಲ್ಲ. ಹಿಂಡುತ್ತಿದ್ದೇನೆ.

ನಾನು ಊರಿನಲ್ಲಿಲ್ಲದಾಗ ಯಾರು ಎಂಬ ಪ್ರಶ್ನೆಗೆ ವಿಶ್ವನೇ ಕೈ ಎತ್ತಿದ. ಕಲಿಸಿದೆ. ಒಗೆದ ಬಟ್ಟೆ ಹಿಂಡುವ ಹಾಗೆ ಹಿಂಡುತ್ತಾನೆ, ಚೀಲ ಹರಿದುಹೋಗುತ್ತದೆ ಎಂದು ಬೈದೆ. “ತಾಳ್ಮೆ ಬೇಕು ಕಣೋ ಅದಕ್ಕೆ” ಎಂದೆ. ಅತ್ತೆಯೂ ಮಗನೂ ಮುಖ ಮುಖ ನೋಡಿಕೊಂಡು ನಕ್ಕರು. ಅದರಲ್ಲಿ ನಗುವಂಥದ್ದೇನಿತ್ತೋ.

ಏಪ್ರಿಲ್ ೨೬, ಶುಕ್ರವಾರ

ಇವತ್ತು ಹೊರಡುವುದು. ರಕ್ಷಿತಾ ಆಗಲೇ ಕ್ಯಾಬಿನಲ್ಲಿ ಬರುತ್ತಿದ್ದಾಳೆ, ಇದನ್ನು ಬೇಗ ಮುಗಿಸಬೇಕು.

ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಬಂದರೆ ವಿಶ್ವ ಯುಟಿಲಿಟಿಯಲ್ಲಿ ಕೂತು ನೀರು ಹಿಂಡುತ್ತಿದ್ದ. ಇವತ್ತಿನಿಂದ ಅವನ ಸರದಿ ಎಂದು ನಾನೇ ಹೇಳಿದ್ದೆ. ಸರಿಯಾಗಿಯೇ ಹಿಂಡುತ್ತಿದ್ದ, ಒಂದು ಹನಿ ಹೊರಗೆ ಬೀಳದ ಹಾಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಕೊಡು ಇಲ್ಲಿ, ನಾನಿನ್ನೂ ಹೋಗಿಲ್ಲ” ಎಂದು ಚೀಲ ಕಿತ್ತುಕೊಂಡೆ.

ಬೆನ್ನಿನ ಚೀಲ ಕಟ್ಟುವಾಗ ನೋಡಿದರೆ ಮೇಲಿನ ಕಿಸೆಯಲ್ಲಿ ಬಿಳಿ ಬಟ್ಟೆಯ ತುಂಡು. ಅತ್ತೆ ತಮ್ಮ ಪಾವಡವನ್ನೇ ಅರ್ಧ ಹರಿದು ಮಡಿಸಿಟ್ಟಿದ್ದಾರೆ. ನನ್ನ ಟ್ರೆಕ್ಕಿಂಗ್ ಚೀಲಕ್ಕೆ ಯಾರೂ ಕೈ ಹಾಕಬಾರದು ಎಂದು ಮದುವೆಯಾದಾಗಿನಿಂದ ಹೇಳುತ್ತ ಬಂದಿದ್ದೇನೆ, ಈ ಮನೆಯಲ್ಲಿ ನನ್ನ ಮಾತು ಯಾರಿಗೆ ಬೇಕು? ಹಳೆಯ ಫಿಲ್ಟರು ಅಡಿಯಲ್ಲಿತ್ತು. ಅದನ್ನು ಮೇಲೆ ತೆಗೆದು ಆ ಬಟ್ಟೆಯಲ್ಲಿ ಸುತ್ತಿಟ್ಟೆ. ಎರಡೂ ಒಟ್ಟಿಗೇ ಬೇಕಾಗುತ್ತವೆ.

ಪೂಜೆ ಮುಗಿಸಿ ಅತ್ತೆ ತಂಬಿಗೆ ಹಿಡಿದು ಬಂದರು. “ಸೌಮ್ಯಾ, ಕೈ ಒಡ್ಡು” ಎಂದರು. ಯಾವತ್ತೂ ನನಗೆ ಹಾಗೆ ಹೇಳಿದವರಲ್ಲ. ನಾನು ಸೋಸಿದ ನೀರು ತಾನೇ, ಸರಿ ಇದೆಯೋ ಇಲ್ಲವೋ ನೋಡಬೇಕಲ್ಲ ಎಂದು ಕೈ ಒಡ್ಡಿದೆ. ತಣ್ಣಗಿತ್ತು. ವಿಭೂತಿಯ ವಾಸನೆ ಇತ್ತು. ಕಣ್ಣಿಗೆ ಒತ್ತಿಕೊಂಡು ಕುಡಿದೆ.

ಕೆಳಗೆ ಹಾರ್ನ್ ಆಗುತ್ತಿದೆ. ಈ ಹುಡುಗಿಗೆ ಐದು ನಿಮಿಷ ತಾಳ್ಮೆ ಇಲ್ಲ. ನಾನಿನ್ನೂ ಕಾಫಿ ಕುಡಿದಿಲ್ಲ, ಅದು ಈಗ ನೆನಪಾಗುತ್ತಿದೆ.